ಜಿರಾಫೆಯ ಎದುರು ವಾಸ್ತು

ತಂಗೀ,

ದಕ್ಷಿಣ ಆಫ್ರಿಕಾಕ್ಕೆ ಬಂದು ಸೇರಿದೆವು. ಬೆಳಿಗ್ಗೆ ಸಫಾರಿ, ಮಧ್ಯಾಹ್ನ ನಿಮ್ಮ ಭಾವನ ಗಾಲ್ಫ್. ಗಾಲ್ಫ್ ಮೈದಾನಕ್ಕೂ ಕಾಡಿಗೂ ನಡುವೆ ಒಂದು ತಂತಿಬೇಲಿ ಅಷ್ಟೇ. ನಿನ್ನೆ ಇವರು ಚೆಂಡು ಹೊಡೆಯಲು ನಿಂತಾಗ ಜಿರಾಫೆಯೊಂದು ಬೇಲಿಯ ಮೇಲಿಂದ ಕತ್ತು ಚಾಚಿ, ಸೊಪ್ಪು ಅಗಿಯುತ್ತಾ ಇವರನ್ನೇ ನೋಡುತ್ತಿತ್ತು. ಇವರು ಅದಕ್ಕೆ ಬೆನ್ನು ತಿರುಗಿಸಿ, ಮೈದಾನದ ಅಂಚಿನಲ್ಲಿ ಮಾರಾಟಕ್ಕಿರುವ ಹೊಸ ಮನೆ ತೋರಿಸಿ, ಕ್ಲಬ್ಬಿನ ಮ್ಯಾನೇಜರನ್ನು ಏನು ಕೇಳಿದರು ಗೊತ್ತೇ? ಅಡುಗೆಮನೆ ಆಗ್ನೇಯಕ್ಕಿದೆಯಾ ಎಂದು!

ಅಮೆರಿಕದಲ್ಲಿ ನಮ್ಮ ಗೇದರ್ಸ್‌ಬರ್ಗ್ ಮನೆ ಕೊಳ್ಳುವಾಗ ನಾನು ವಾಸ್ತು ಎಂದರೆ, “ಸ್ಟವ್‌ಗೆ ದಿಕ್ಕು ಗೊತ್ತಾಗತ್ತೇನೇ?” ಎಂದು ನಕ್ಕ ಡಾಕ್ಟರು ಇವರೇ. “ಏನ್ರೀ ಇದು?” ಎಂದೆ. “ಸುಮ್ನೆ ಕ್ಯೂರಿಯಾಸಿಟಿ ಕಣೇ. ನೀನು ಜಿರಾಫೆ ನೋಡು” ಎಂದರು. ರಿಟೈರಾದ ಮೇಲೆ ಇವರಿಗೆ ಸುಮ್ಮಸುಮ್ಮನೆ ಯಾವ ಕ್ಯೂರಿಯಾಸಿಟಿಯೂ ಹುಟ್ಟಿದ್ದಿಲ್ಲ.

ನನ್ನ ಬಿ.ಪಿ. ಪರವಾಗಿಲ್ಲ, ಜೀಪಿನ ಕುಲುಕಾಟಕ್ಕೆ ಮಂಡಿ ಮಾತ್ರ ಹಿಡಿದುಕೊಂಡಿದೆ. ನನ್ನ ವಾಟ್ಸ್‌ಆ್ಯಪ್ ಇವರೂ ಓದುತ್ತಾರೆ, ಅದಕ್ಕೇ ಈ ಕಾರ್ಡು. ಕರಿಬೇವಿಗೆ ನೀರು ಹಾಕಲು ನಿನಗೆ ಕೊಟ್ಟ ಮನೆ ಕೀ ನಿನ್ನ ಹತ್ತಿರವೇ ಇರಲಿ. ಕೊಳ್ಳಲು ಮನೆ ನೋಡಬೇಕೆಂದು ಯಾರೇ ಬಂದರೂ ಬಾಗಿಲು ತೆಗೆಯಬೇಡ, ನಿಮ್ಮ ಭಾವನೇ ಫೋನ್ ಮಾಡಿ ಹೇಳಿದರೂ.

ಜೀಪು ಹಾರ್ನ್ ಹೊಡೆಯುತ್ತಿದೆ, ಹೊರಟೆ.

ನಿನ್ನ ಅಕ್ಕ

ಹೇಳುವುದೇ ಮರೆತೆ. ಇಲ್ಲಿಯ ಆ ಹೊಸ ಮನೆಯ ಅಡುಗೆಮನೆ ಆಗ್ನೇಯಕ್ಕೇ ಇದೆಯಂತೆ. ಬೇಡ ಎನ್ನಲು ನನಗೆ ಇನ್ನು ಯಾವ ನೆಪವೂ ಉಳಿದಿಲ್ಲ.