ಅಣ್ಣ ಬರೆಸಿದ ವಯಸ್ಸು

ಅಂಕಲಿ
೧೪ ಮಾರ್ಚ್ ೧೯೯೪

ದಿಗ್ಗೇವಾಡಿಯ ಹೊಲ ಬಿಟ್ಟರೆ ಬೇರೆಲ್ಲೂ ಒಂದು ರಾತ್ರಿ ನಿಲ್ಲದ ನನ್ನ ಅಣ್ಣ ಮುರಗೆಪ್ಪನಿಗೆ ತಂಗಿ ಕಸ್ತೂರಿಯ ನಮಸ್ಕಾರ.

ನಿನ್ನೆ ನೀನು ಚಹಾವನ್ನೂ ಪೂರ್ತಿ ಕುಡಿಯದೆ ಎದ್ದು ಹೋದೆ. ವಕೀಲರ ಕಾಗದವನ್ನು ಹೊರಸಿನ ಮೇಲಿಟ್ಟು, “ಗುರುವಾರದೊಳಗ ಸಹಿ ಆಗಬೇಕು, ನೀ ಏನೂ ಮಾತಾಡಬ್ಯಾಡ” ಅಂದೆ. ಬಾಗಿಲು ದಾಟುವಾಗ ಟವೆಲ್ಲಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಹೆರಿಗೆ ಮಾಡಿಸುವ ನರ್ಸಬಾಯಿ ನಾನು, ಅಳುವವರ ನಡುವೆಯೇ ನನ್ನ ಆಯುಷ್ಯ ಕಳೆದಿದೆ. ಆದರೂ ನೀನು ಅತ್ತರೆ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ. ಎದುರಿಗೆ ಕೂತು ನಿನ್ನೊಡನೆ ವಾದ ಮಾಡಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಕಾಗದದಲ್ಲಾದರೆ ನಡುವೆ ಬಾಯಿ ಹಾಕಲು ನಿನಗೆ ಬರುವುದಿಲ್ಲ. ಹೀಗಾಗಿ ಬರೆಯುತ್ತಿದ್ದೇನೆ. ಪೂರ್ತಿ ಓದು, ಅರ್ಧಕ್ಕೇ ಚಪ್ಪಲಿ ಮೆಟ್ಟಿಕೊಂಡು ಏಳಬೇಡ.

ತಪ್ಪು ನನ್ನದೇ. ಸಂಕ್ರಾಂತಿಗೆ ಬಂದಾಗ ಎಳ್ಳು ಕೊಟ್ಟು ಸುಮ್ಮನೆ ಕೂಡುವುದು ಬಿಟ್ಟು, ಬರುವ ಮೇ ಮೂವತ್ತೊಂದಕ್ಕೆ ನನ್ನ ನೌಕರಿ ಮುಗಿಯಿತು ಎಂದು ಹೇಳಿಬಿಟ್ಟೆ. “ಏ ಹುಚ್ಚಿ, ಐವತ್ತೆಂಟಕ್ಕಲ್ಲೇನ ಮುಗಿಯೂದು? ನಿನಗಿನ್ನೂ ಮೂರ ವರ್ಷ ಐತಿ” ಎಂದು ನೀನು ನಕ್ಕೆ. ನಾನು ನಗಲಿಲ್ಲ. ಆಗ ನೀನು ಬೆರಳು ಮಡಚಿ ಲೆಕ್ಕ ಹಾಕಿದೆ. ಎರಡನೆಯ ಸಲ ಹಾಕುವಾಗ ನಿನ್ನ ಮುಖ ಇಳಿಯಿತು. ನಲವತ್ತು ವರ್ಷದ ಹಿಂದಿನ ಆ ಮಧ್ಯಾಹ್ನ ನಿನಗೆ ನೆನಪಾಯಿತೆಂದು ನನಗೆ ಕೂಡಲೇ ತಿಳಿಯಿತು.

ಆ ಮಧ್ಯಾಹ್ನವನ್ನು ನಾನು ಒಂದು ದಿನವೂ ಮರೆತಿಲ್ಲ. ಹೆಂಡತಿ ಸತ್ತ ಐನಾಪುರದ ಸೋದರಮಾವ ಶುಕ್ರವಾರ ನನ್ನನ್ನು ಕೇಳಲು ಬರುವುದಿತ್ತು. ಅವನಿಗೆ ಮೂವತ್ತೇಳು, ನನಗೆ ಹದಿನೈದು. ಮನೆಯ ಹೆಣ್ಣು ಮನೆಯಲ್ಲೇ ಉಳಿಯುತ್ತದೆಂದು ಅವ್ವನಿಗೆ ಸಮಾಧಾನವೇ ಆಗಿತ್ತು, ಅರಿಶಿನ ಕುಟ್ಟಲು ಕೂತಿದ್ದಳು. ನಿನಗಾಗ ಇಪ್ಪತ್ತು. ಬುಧವಾರ ನನ್ನನ್ನು ಎತ್ತಿನ ಗಾಡಿಯಲ್ಲಿ ಕೂಡಿಸಿಕೊಂಡು ಸಾಲೆಗೆ ಕರೆದೊಯ್ದೆ. ಬೆಳಗಾವಿಯಲ್ಲಿ ಸೂಲಗಿತ್ತಿ ತರಬೇತಿಗೆ ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆ, ಹದಿನೆಂಟು ತುಂಬಿರಬೇಕು ಎಂಬ ಸುದ್ದಿ ನಿನಗೆ ಎಲ್ಲಿಂದ ಸಿಕ್ಕಿತ್ತೋ. ದಾಖಲೆ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಹುಟ್ಟಿದ ತಾರೀಖಿನ ಜಾಗ ಖಾಲಿಯಿತ್ತು. ನಮ್ಮ ಕಡೆ ಯಾರಿಗೆ ತಾರೀಖು ಗೊತ್ತಿತ್ತು? ಎಲ್ಲರಿಗೂ ಜೂನ್ ಒಂದು ಬರೆಯುತ್ತಿದ್ದರು. ಅರ್ಧ ಊರು ಒಂದೇ ದಿನ ಹುಟ್ಟಿದೆ. ಶ್ರೀಪಾಲ ಮಾಸ್ತರರು ಲೇಖನಿ ಅದ್ದಿಕೊಂಡು ನನ್ನ ಕಡೆ ಒಮ್ಮೆ, ನಿನ್ನ ಕಡೆ ಒಮ್ಮೆ ನೋಡಿ ಕೇಳಿದರು: “ಮುರಗ್ಯಾ, ಖರೇನ ಹದಿನೆಂಟ ಆಗ್ಯಾವೇನೋ ಈ ಕೂಸಿಗೆ?” ನೀನು ಕಣ್ಣು ಪಿಳುಕಿಸದೆ ಹೇಳಿದೆ: “ಆಗ್ಯಾವ್ರಿ ಮಾಸ್ತರ. ಉಣ್ಣಾಕ ಕಮ್ಮಿ, ಅದಕ್ಕ ಬೆಳದಿಲ್ಲ.” ಅವರು ನಗು ನುಂಗಿಕೊಂಡು ಬರೆದರು, ೧-೬-೧೯೩೬. ನಾನು ಕಾರಹುಣ್ಣಿಮೆಯ ಹುಡುಗಿ, ತಿಂಗಳಂತೂ ಸರಿಯಾಗಿಯೇ ಬಿತ್ತು. ವರ್ಷ ಮಾತ್ರ ಮೂರು ಹೆಚ್ಚಾಯಿತು.

ಶುಕ್ರವಾರ ಸೋದರಮಾವ ಬಂದಾಗ ನಾನು ಬೆಳಗಾವಿಯಲ್ಲಿದ್ದೆ. ಅವನು ಅಂಗಳದಲ್ಲಿ ನಿಂತು ನಿನ್ನನ್ನು ಬೈದದ್ದು, ಅವ್ವ ಮೂರು ತಿಂಗಳು ನಿನ್ನೊಡನೆ ಮಾತು ಬಿಟ್ಟು ರೊಟ್ಟಿಯ ತಟ್ಟೆಯನ್ನು ನೆಲದ ಮೇಲೆ ಸರಿಸುತ್ತಿದ್ದದ್ದು, ಇದೆಲ್ಲ ನನಗೆ ಎಷ್ಟೋ ದಿನದ ಮೇಲೆ ಗೊತ್ತಾಯಿತು. ನೀನಾಗಿ ಒಂದು ಮಾತೂ ಹೇಳಲಿಲ್ಲ.

ಈಗ ನೀನು ಹಾಕುತ್ತಿರುವ ಲೆಕ್ಕ ಇಷ್ಟು. ತಂಗಿಯ ಮೂರು ವರ್ಷದ ಪಗಾರ ಹೋಯಿತು. ಪೂರ್ತಿ ಪಿಂಚಣಿಗೆ ಮೂವತ್ತಮೂರು ವರ್ಷದ ಸೇವೆ ಬೇಕು, ನನ್ನದು ಮೂವತ್ತೊಂದೇ ಆಗುವುದರಿಂದ ಪಿಂಚಣಿಯೂ ತುಸು ಕಡಿಮೆ. ಇದಕ್ಕೆಲ್ಲ ನೀನೇ ಕಾರಣ. ಆದ್ದರಿಂದ ಚಿಕ್ಕೋಡಿ ಕೋರ್ಟಿನಲ್ಲಿ ನಿಂತು, ಸುಳ್ಳು ವಯಸ್ಸು ಬರೆಸಿದವನು ನಾನೇ ಎಂದು ಪ್ರಮಾಣ ಮಾಡಿ, ತಾರೀಖು ತಿದ್ದಿಸುತ್ತೀ. ಖರ್ಚಿಗೆ ಈ ವರ್ಷದ ಕಬ್ಬಿನ ಬಿಲ್ಲು ನಲವತ್ತು ಸಾವಿರ ತೆಗೆದಿಟ್ಟಿದ್ದೀ. “ನಿನ್ನ ಅನ್ನ ನಾ ಕಸಗೊಂಡಂಗ ಆಗೇತಿ ಕಸ್ತೂರಿ” ಎಂದು ನಿನ್ನೆ ಅಂದೆಯಲ್ಲ, ಆ ಮಾತನ್ನು ನಾನು ಒಪ್ಪುವುದಿಲ್ಲ. ಆದ್ದರಿಂದ ಇಪ್ಪತ್ತೆಂಟು ವರ್ಷ ನಿನ್ನಿಂದ ಮುಚ್ಚಿಟ್ಟ ಒಂದು ಸಂಗತಿ ಹೇಳಿಬಿಡುತ್ತೇನೆ.

ತರಬೇತಿ ಮುಗಿದ ಮೇಲೆ ಕೆಲವು ವರ್ಷ ಖಾಸಗಿ ಆಸ್ಪತ್ರೆಯಲ್ಲಿ ದುಡಿದು ನಾನು ಸರ್ಕಾರಿ ನೌಕರಿಗೆ ಸೇರಿದೆನಲ್ಲ, ಅದಾಗಿ ಮೂರು ವರ್ಷಕ್ಕೆ, ಅಂದರೆ ೧೯೬೬ರಲ್ಲಿ, ಚಿಕ್ಕೋಡಿಯ ನಮ್ಮ ಆಫೀಸಿನಿಂದ ಕರೆ ಬಂತು. ಸೇವಾ ಪುಸ್ತಕದಲ್ಲಿ ಸಹಿ ಮಾಡುವುದಿತ್ತು. ಬಾಪುಸಾಹೇಬ ಎಂಬ ಕ್ಲಾರ್ಕು ಇದ್ದರು, ಎಲೆ-ಅಡಿಕೆ ಜಗಿಯುತ್ತ ಎಲ್ಲರ ಜಾತಕವನ್ನೂ ಬಲ್ಲವರು. ಅವರು ನನ್ನ ಮುಖವನ್ನೇ ನೋಡಿ ಕೇಳಿದರು: “ಬಾಯಿ, ಈ ತಾರೀಖ ಬರೋಬರ ಐತೇನು? ನನಗ್ಯಾಕೋ ಅನಮಾನ. ತಿದ್ದಸೂದಿದ್ರ ಈಗ ತಿದ್ದಸ್ರಿ. ಮುಂದ ಯಾರೂ ಮುಟ್ಟಾಂಗಿಲ್ಲ.” ನಾಳೆ ಹೇಳುತ್ತೇನೆಂದು ಹೊರಬಂದೆ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಮಧ್ಯಾಹ್ನವೆಲ್ಲ ಕೂತಿದ್ದೆ. ನಾನು ಹತ್ತಬೇಕಾದ ಬಸ್ಸುಗಳು ಒಂದಾದ ಮೇಲೊಂದು ಹೋದವು.

ತಿದ್ದಿಸಿದರೆ ಮೂರು ವರ್ಷ ಹೆಚ್ಚು ನೌಕರಿ, ಪೂರ್ತಿ ಪಿಂಚಣಿ. ಆದರೆ ಹದಿನೈದಕ್ಕೆ ತರಬೇತಿಗೆ ಹೇಗೆ ಸೇರಿದೆ ಎಂದು ಯಾರಾದರೂ ಕೇಳಿದರೆ? ಕೈಯಲ್ಲಿದ್ದ ನೌಕರಿಯೇ ಹೋಗಬಹುದಿತ್ತು. ಶ್ರೀಪಾಲ ಮಾಸ್ತರರಿಗೆ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ವಿಚಾರಣೆ ನಡೆದು ಅವರ ಪಿಂಚಣಿಗೆ ಕಲ್ಲು ಬಿದ್ದರೆ? ನಿನ್ನನ್ನು ಕರೆಸಿ ಹೇಳಿಕೆ ತೆಗೆದುಕೊಂಡರೆ? ಮರುದಿನ ಹೋಗಿ, “ಬರೋಬರ ಐತ್ರಿ” ಎಂದು ಹೇಳಿ ಸಹಿ ಮಾಡಿದೆ. ಬಾಪುಸಾಹೇಬರು, “ನಿಮ್ಮ ಮರ್ಜಿ” ಅಂದು ಪುಸ್ತಕ ಮುಚ್ಚಿದರು. ಕೇಳಿದೆಯಾ ಅಣ್ಣ? ಹದಿನೈದರ ಹುಡುಗಿಗೆ ನೀನು ವಯಸ್ಸು ಬರೆಸಿದೆ, ಸರಿ. ಇಪ್ಪತ್ತೇಳರ ಹೆಂಗಸು ಯೋಚನೆ ಮಾಡಿ, ಆ ವಯಸ್ಸೇ ನನ್ನದು ಎಂದು ತಾನಾಗಿ ಸಹಿ ಮಾಡಿದಳು. ನೀನು ನನ್ನಿಂದ ಏನನ್ನೂ ಕಸಿದುಕೊಂಡಿಲ್ಲ.

ಅದೇ ದಿನ, ಅದೇ ಬೀದಿಯಲ್ಲಿ ಅಂಚೆ ಕಚೇರಿಗೆ ಹೋಗಿ ಒಂದು ಖಾತೆ ತೆರೆದೆ. ತಿಂಗಳಿಗೆ ಐದು ರೂಪಾಯಿ. ಸರ್ಕಾರ ನನ್ನನ್ನು ಮೂರು ವರ್ಷ ಮೊದಲೇ ಮನೆಗೆ ಕಳಿಸುತ್ತದೆ, ಆ ಮೂರು ವರ್ಷವನ್ನು ನಾನೇ ಕೂಡಿಡಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಪಗಾರ ಏರಿದಾಗಲೆಲ್ಲ ಏರಿದ್ದರಲ್ಲಿ ಅರ್ಧ ಅಂಚೆಗೆ, ಅರ್ಧ ಮನೆಗೆ. ಉಳಿದರೆ ಹಾಕೋಣ ಎಂದುಕೊಂಡಿದ್ದರೆ ಒಂದು ಪೈಸೆಯೂ ಉಳಿಯುತ್ತಿರಲಿಲ್ಲ, ನನಗೂ ಇಳಕಲ್ಲ ಸೀರೆಯ ಆಸೆ ಇತ್ತು. ಹೀಗಾಗಿ ಪಗಾರದ ದಿನವೇ ಹಾಕಿ ಬರುತ್ತಿದ್ದೆ. ಕಾಗವಾಡಕ್ಕೆ ವರ್ಗವಾದಾಗ ಅಲ್ಲಿಗೆ, ಅಂಕಲಿಗೆ ಬಂದಾಗ ಇಲ್ಲಿಗೆ, ಖಾತೆಯೂ ನನ್ನ ಜೊತೆ ಊರೂರು ತಿರುಗಿತು.

ನೀವೆಲ್ಲ ನನ್ನನ್ನು ಕಂಜೂಸ ಎಂದು ಕರೆದದ್ದು ಈ ಕಾಲದಲ್ಲೇ. ನಿನ್ನ ಮಗಳ ಮದುವೆಗೆ ಸೋದರತ್ತೆ ಬಂಗಾರ ಹಾಕುತ್ತಾಳೆಂದು ಎಲ್ಲರೂ ಕಾದರೆ, ನಾನು ಅವಳ ಹೆಸರಿನ ಉಳಿತಾಯ ಪತ್ರವನ್ನು ಲಕೋಟೆಯಲ್ಲಿಟ್ಟು ಕೊಟ್ಟೆ. ಅವಳ ತಾಯಿ, ನಮ್ಮ ಅಕ್ಕವ್ವ ವೈನಿ, ಅದನ್ನು ಹಿಂದೆ ಮುಂದೆ ತಿರುಗಿಸಿ, “ಇದನ್ನೇನ ಕೊಳ್ಳಾಗ ಕಟ್ಟಕೋಬೇಕೇನ?” ಎಂದು ಕೇಳಿದಳು. ಆರು ತಿಂಗಳು ನನ್ನ ಮನೆಯ ಕಡೆ ಸುಳಿಯಲಿಲ್ಲ. ಅವಳ ಸಿಟ್ಟಿನಲ್ಲಿ ತಪ್ಪಿಲ್ಲ. ಸಭೆಯಲ್ಲಿ ಎಲ್ಲರೆದುರು ಕಾಗದ ಕೊಡುವುದು ಶೋಭಿಸುವ ಕೆಲಸವಲ್ಲ, ಹತ್ತು ಗುಂಜಿ ಬಂಗಾರವನ್ನಾದರೂ ಜೊತೆಗೆ ಇಡಬೇಕಿತ್ತು.

ನಾನೇನು ದೊಡ್ಡ ಜಾಣೆ ಎಂದು ತಿಳಿಯಬೇಡ. ಎಂಬತ್ತೊಂದರಲ್ಲಿ ನಿಪ್ಪಾಣಿಯ ಒಬ್ಬ ಬಟ್ಟೆ ಅಂಗಡಿಯವನು ಭಿಸಿ ನಡೆಸುತ್ತಿದ್ದ. ತಿಂಗಳು ತಿಂಗಳು ಎಲ್ಲರೂ ಹಣ ಹಾಕುವುದು, ಚೀಟಿ ಎತ್ತಿದವರು ಒಯ್ಯುವುದು. ಅವನು ಅದರ ಮೇಲೆ ಬಡ್ಡಿ ಬೇರೆ ಕೊಡುತ್ತೇನೆಂದ. ನಮ್ಮ ನರ್ಸಬಾಯಿಯರೆಲ್ಲ ಹಾಕಿದರು, ನಾನೂ ಹಾಕಿದೆ. ಒಂದು ಸೋಮವಾರ ಅಂಗಡಿಗೆ ಬೀಗ. ನನ್ನ ಎರಡೂವರೆ ಸಾವಿರ ಹೋಯಿತು. ಒಂದು ವಾರ ಊಟ ಸೇರಲಿಲ್ಲ, ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಅಂದಿನಿಂದ ಯಾರಾದರೂ ಹೆಚ್ಚು ಬಡ್ಡಿ ಅಂದರೆ ನನಗೆ ಆ ಬೀಗವೇ ಕಾಣುತ್ತದೆ.

ಈಗ ಎಷ್ಟಿದೆ ಎಂದು ನೀನು ಕೇಳಿಲ್ಲ, ನಾನೇ ಹೇಳುತ್ತೇನೆ. ಅಂಚೆಯಲ್ಲಿರುವುದಕ್ಕೆ ತಿಂಗಳಿಗೆ ಎಂಟುನೂರು ರೂಪಾಯಿ ಬಡ್ಡಿ ಬರುತ್ತದೆ. ಪಿಂಚಣಿ ಹನ್ನೆರಡು ನೂರರ ಮೇಲೆ. ಸೇವೆ ಕಡಿಮೆಯಾದದ್ದಕ್ಕೆ ಕಡಿತವಾಗುವುದು ತಿಂಗಳಿಗೆ ಎಂಬತ್ತು ರೂಪಾಯಿಯಷ್ಟೇ. ಗ್ರಾಚ್ಯುಟಿ ಹಣವನ್ನು ಆಸ್ಪತ್ರೆ ಖರ್ಚಿಗೆಂದು ಮುಟ್ಟದೆ ಇಡುತ್ತೇನೆ. ಈ ಎರಡು ಖೋಲಿಯ ಮನೆ ನನ್ನ ಹೆಸರಿನಲ್ಲೇ ಇದೆ. ಪಿಂಚಣಿಯ ಮೂರನೇ ಒಂದು ಪಾಲನ್ನು ಮಾರಿ ಒಂದೇ ಸಲಕ್ಕೆ ರೊಕ್ಕ ತೆಗೆದುಕೋ ಎಂದು ಆಫೀಸಿನವರು ಹೇಳುತ್ತಿದ್ದಾರೆ. ನಾನು ಒಲ್ಲೆ ಎಂದೆ. ಕೈತುಂಬ ಬಂದ ದುಡ್ಡಿಗೆ ನೂರು ಜನ ದಾರಿ ತೋರಿಸುತ್ತಾರೆ. ಅದೂ ಅಲ್ಲದೆ ನಮ್ಮ ಮನೆತನದ ಹೆಂಗಸರು ಬೇಗ ಹೋಗುವವರಲ್ಲ, ಅವ್ವ ಎಂಬತ್ತೆರಡರ ತನಕ ಜೋಳ ಕೇರಿದಳು. ಸರ್ಕಾರದ ಪುಸ್ತಕದಲ್ಲಿ ನನಗೆ ಐವತ್ತೆಂಟು, ನನ್ನ ಮೊಣಕಾಲಿಗೆ ಐವತ್ತೈದು. ಮೂರು ವರ್ಷ ಮೊದಲೇ ಪಿಂಚಣಿ ಉಣ್ಣಲು ಕೂಡುವವಳು ನಾನು. ಕೋರ್ಟಿಗೆ ಹೋಗಿ ಅದನ್ನೂ ತಪ್ಪಿಸುತ್ತೀಯೇನು?

ಇನ್ನು ನಿನ್ನ ಮಾತು. ನಿನಗೀಗ ಅರವತ್ತು. ಚಳಿಗಾಲದಲ್ಲಿ ಕಬ್ಬಿಗೆ ನೀರು ಹಾಯಿಸಿ ಬಂದ ಮೇಲೆ ನಿನ್ನ ಸೊಂಟ ನೆಟ್ಟಗಾಗಲು ಎರಡು ದಿನ ಬೇಕು ಎಂದು ವೈನಿ ಹೇಳಿದಳು. ನಿನ್ನ ಕಡೆಯ ದಿನ ಎಂದು ಯಾವ ಆಫೀಸಿನವರೂ ಪತ್ರ ಕಳಿಸುವುದಿಲ್ಲ. ನಿನಗೆ ಯಾರು ಪಿಂಚಣಿ ಕೊಡುತ್ತಾರೆ? ಬಿಲ್ಲು ಬಂದ ವರ್ಷವೆಲ್ಲ ಅದು ಮತ್ತೆ ಹೊಲಕ್ಕೇ ಹೋಗಿದೆ, ಒಮ್ಮೆ ಬಾವಿ, ಒಮ್ಮೆ ಪೈಪು, ಒಮ್ಮೆ ದ್ರಾಕ್ಷಿಯ ಕಲ್ಲುಕಂಬ. ಮಕ್ಕಳು ಒಳ್ಳೆಯವರು, ನೋಡಿಕೊಳ್ಳುತ್ತಾರೆ. ಆದರೆ ಔಷಧಿಗೆ ಇಪ್ಪತ್ತು ರೂಪಾಯಿ ಬೇಕಾದಾಗ ನೀನು ಮಗನ ಮುಂದೆ ನಿಂತು ಹೇಗೆ ಕೇಳಬೇಕೆಂದು ಮಾತು ಹುಡುಕುವುದನ್ನು ನಾನು ಯೋಚಿಸಲಾರೆ. ಅಂಗಳದಲ್ಲಿ ಸೋದರಮಾವ ಬೈಯುವಾಗಲೂ ತಲೆ ತಗ್ಗಿಸದವನು ನೀನು.

ಆ ನಲವತ್ತು ಸಾವಿರ ಕೋರ್ಟಿಗಲ್ಲ. ಅಂಚೆಯಲ್ಲಿ ತಿಂಗಳು ತಿಂಗಳು ಬಡ್ಡಿ ಕೊಡುವ ಯೋಜನೆ ಇದೆ, ಅದಕ್ಕೆ ಹಾಕು, ನಿನ್ನ ಮತ್ತು ವೈನಿಯ ಇಬ್ಬರ ಹೆಸರಿನಲ್ಲಿ. ನಾಲ್ಕುನೂರರ ಮೇಲೆ ಬರುತ್ತದೆ, ಪ್ರತಿ ತಿಂಗಳು, ಮಳೆ ಬರಲಿ ಬಿಡಲಿ. ನೀನು ಮೊದಲು ಹೋದರೂ ವೈನಿಗೆ ಯಾರ ಮುಖ ನೋಡುವ ಪ್ರಸಂಗ ಬರಬಾರದು. ಗುರುವಾರ ಚಿಕ್ಕೋಡಿಯ ಬಸ್ಸಿಗೆ ಇಬ್ಬರೂ ಹತ್ತಿರಿ. ನಾನು ಹತ್ತು ಗಂಟೆಗೆ ಅಂಚೆ ಕಚೇರಿಯ ಬಾಗಿಲಲ್ಲಿ ಅರ್ಜಿ ತುಂಬಿಕೊಂಡು ನಿಂತಿರುತ್ತೇನೆ. ವಕೀಲರ ಕಾಗದವನ್ನು ಸಹಿ ಮಾಡದೆ ಈ ಲಕೋಟೆಯಲ್ಲೇ ಇಟ್ಟಿದ್ದೇನೆ.

ಒಂದು ಕೊನೆಯ ಮಾತು ಹೇಳಿ ಮುಗಿಸುತ್ತೇನೆ. ಹೋದ ವಾರ ಒಂದು ಹೆರಿಗೆಗೆಂದು ಐನಾಪುರಕ್ಕೆ ಹೋಗಿದ್ದೆ. ಅಲ್ಲಿ ಸೋದರಮಾವನ ಮನೆಯ ಮುಂದೆ ನನ್ನ ವಯಸ್ಸಿನ ಹೆಂಗಸೊಬ್ಬಳು ಬಿಸಿಲಲ್ಲಿ ಕೂತು ಸಗಣಿ ಕುಳ್ಳು ತಟ್ಟುತ್ತಿದ್ದಳು. ನನ್ನ ಬದಲಿಗೆ ಅವನು ಮಾಡಿಕೊಂಡವಳು. ಮಾತಾಡಿಸಿದೆ. ನೌಕರಿ ಮುಗಿಯುತ್ತ ಬಂತು ಎಂದು ಹೇಳಿದಾಗ ಅವಳು ಕೈ ತಡೆದು, “ಅಂದ್ರ ನಾಳಿಂದ ಕೆಲಸ ಮಾಡಾಂಗಿಲ್ಲೇನ್ರಿ ನೀವು? ಅಂಥಾದ್ದೂ ಇರತೈತೇನ್ರಿ ಹೆಣ್ಣಮಕ್ಕಳಿಗೆ?” ಎಂದು ಕೇಳಿದಳು. ಅಣ್ಣಾ, ಇರುತ್ತದೆ. ಒಬ್ಬಳಿಗೆ ಅದು ಸಿಗಲೆಂದು ಅವಳ ಅಣ್ಣ ಒಂದು ಬುಧವಾರ ಗಾಡಿ ಹೂಡಿದ್ದ.

ವೈನಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿನ್ನ ಸೊಂಟನೋವು ಇಳಿಯಲಿ, ನಿನಗೆ ನೂರು ವರ್ಷ ಆಯುಷ್ಯವಿರಲಿ. ಗುರುವಾರ ಬಾ.

ನಿನ್ನ ತಂಗಿ,
ಕಸ್ತೂರಿ