ಮೇಲಿನ ಗಾಂಧಾರ ಯಾರದ್ದು?

ಗುರುವಾರ, ಸಂಜೆ

ನನಗೆ ಮೊದಲ ಸ್ವರ ಕಲಿಸಿದ ಅತ್ತೆಗೆ,

ಕಳೆದ ಶನಿವಾರ ಕಛೇರಿ ಮುಗಿದ ಮೇಲೆ ನೀವು ಎಲ್ಲರ ಮುಂದೆ ಸುಳ್ಳು ಹೇಳಿದಿರಿ. "ಹುಡುಗಿಗೆ ಗಂಟಲು ಕೆಟ್ಟಿತ್ತು, ಪಾಪ" ಅಂದಿರಿ. ನನ್ನ ಗಂಟಲಿಗೆ ಏನೂ ಆಗಿರಲಿಲ್ಲ. ಬೇಕೆಂದೇ ಬಾಯಿ ಮುಚ್ಚಿಕೊಂಡಿದ್ದೆ.

ಎರಡು ವರ್ಷದಿಂದ ನಡೆಯುತ್ತಿರುವುದು ನಮ್ಮಿಬ್ಬರಿಗೇ ಗೊತ್ತು ಅಂದುಕೊಂಡಿದ್ದೆವು. ನೀವು ಮುಂದೆ, ನಾನು ತಂಬೂರಿ ಹಿಡಿದು ಹಿಂದೆ. ಹಾಡು ಮೇಲಿನ ಗಾಂಧಾರಕ್ಕೆ ಏರುವ ಹೊತ್ತಿಗೆ ನೀವು ಕಣ್ಣು ಮುಚ್ಚಿ ಕೈ ಎತ್ತುತ್ತೀರಿ, ಭಾವ ಉಕ್ಕಿ ಬಂದವರ ಹಾಗೆ ದನಿ ನಿಲ್ಲಿಸುತ್ತೀರಿ. ಆ ಸ್ವರವನ್ನು ಹಿಂದಿನಿಂದ ನಾನು ಹಿಡಿಯುತ್ತೇನೆ. ಚಪ್ಪಾಳೆ ನಿಮಗೆ. "ಈ ವಯಸ್ಸಿನಲ್ಲೂ ಎಂಥ ದನಿ!" ಎಂದು ಪತ್ರಿಕೆಯವರು ಬರೆದದ್ದನ್ನು ಕತ್ತರಿಸಿ ಮೇಜಿನ ಗಾಜಿನಡಿ ಇಟ್ಟಿದ್ದೀರಿ. ಅದರ ಮೇಲೆ ನಿಮಗೆ ಬಿಸಿನೀರಿನ ಲೋಟ ಇಡುವಾಗೆಲ್ಲ ನನಗೆ ಮೈ ಉರಿಯುತ್ತದೆ.

ಶನಿವಾರ ನಾನು ಹಿಡಿಯಲಿಲ್ಲ. ನಿಮ್ಮ ಕೈ ಮೇಲೆಯೇ ಉಳಿಯಿತು. ಪಿಟೀಲಿನ ಮಾಮ ಗಾಬರಿಯಾಗಿ ಆ ಜಾಗ ತುಂಬಿದರು. ದುಡಿದವರ ಹೆಸರು ಹೇಳದ ಕಡೆ ಕೆಲಸ ನಿಲ್ಲಿಸಿ ಎಂದು ನಾನು ಓದುವ ಕಾರ್ಮಿಕ ಸಂಘದ ಕರಪತ್ರಗಳು ಹೇಳುತ್ತವೆ, ನಿಲ್ಲಿಸಿದೆ. ಕಾರಿನಲ್ಲಿ ನೀವು, "ಆ ಕಾಗದದ ಚೂರು ಓದಿ ಓದಿ ನಿನ್ನ ತಲೆ ಕೆಟ್ಟಿದೆ, ಇದೇನು ಕಾರ್ಖಾನೆಯಾ?" ಎಂದು ಬೈದಿರಿ. ಕಾರ್ಖಾನೆಯಲ್ಲಾದರೆ ಪಾಳಿಯಾದರೂ ಬದಲಾಗುತ್ತದೆ, ಅತ್ತೆ.

ಆವತ್ತು ನನಗೆ ಹೆಸರು ಬೇಕಿತ್ತು. ಈಗ ಬೇರೆಯೇ ಬೇಕಾಗಿದೆ.

ಮಂಗಳವಾರ ಪಾಠದ ಕೋಣೆಯ ನನ್ನ ಕೀಲಿ ಹಿಂದಿರುಗಿಸಲು ಬಂದವಳು ಬಾಗಿಲ ಹೊರಗೇ ನಿಂತೆ. ಒಳಗೆ ನೀವೊಬ್ಬರೇ ಹಾಡುತ್ತಿದ್ದಿರಿ. ಹರೆಯದಿಂದ ಬಿಡದೆ ಹಿಡಿದಿರುವ ಎತ್ತರದ ಐದೂವರೆ ಮನೆ ಶ್ರುತಿಯನ್ನು ನಾಲ್ಕೂವರೆಗೆ ಇಳಿಸಿಕೊಂಡಿದ್ದಿರಿ. ಆ ತಗ್ಗಿನಲ್ಲಿ ಮೇಲಿನ ಗಾಂಧಾರ ನಿಮಗೇ ಎಟುಕಿತು. ಆ ಗಾಂಧಾರ! ದುಂಡಗೆ, ತುಂಬಿಕೊಂಡು, ಒಂದಿಷ್ಟೂ ನಡುಗದೆ. ಅದರ ಮುಂದೆ ನನ್ನದು ತಗಡು. ಕೆಳಗೆ ಇಸ್ತ್ರಿ ಅಂಗಡಿಯ ಷಟರ್ ಸದ್ದಾದದ್ದೇ, ಶ್ರುತಿಪೆಟ್ಟಿಗೆಯ ಗುಂಡಿ ತಿರುಗಿಸಿ ಮತ್ತೆ ಐದೂವರೆಗೆ ಏರಿಸಿದಿರಿ. ಯಾರಿಗೆ ಹೆದರಿ? ಶ್ರುತಿ ಇಳಿಸಿದರೆ ಮೃದಂಗದವರು ಬೇರೆ ಮೃದಂಗ ತರಬೇಕು, ದನಿ ಇಳಿದಿದೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ, ಅದಕ್ಕೆ ತಾನೆ? ಗೊತ್ತಾಗಲಿ.

ಚಿಕ್ಕವಳಿದ್ದಾಗ ಒಮ್ಮೆ ಮೇಲಿನ ಷಡ್ಜಕ್ಕೆ ಕಳ್ಳದನಿಯಲ್ಲಿ ಹೋಗಿದ್ದೆ. ನೀವು ತಂಬೂರಿ ಕೆಳಗಿಟ್ಟು, "ತಲುಪದಿದ್ದರೆ ತಲುಪಲಿಲ್ಲ ಅನ್ನು. ಮೋಸ ಮಾಡೋದಾದರೆ ನಾಳೆಯಿಂದ ಬರಬೇಡ" ಅಂದಿರಿ. ಆಮೇಲೆ ವರ್ಷಗಟ್ಟಲೆ ಅದೇ ಸರಳೆ ವರಸೆ. ಜಾರಿದರೆ ಮತ್ತೆ ಮೊದಲಿಂದ. ಯಾವ ಕರಪತ್ರಕ್ಕೂ ಮುಂಚೆ ನನಗೆ ನೇರವಾಗಿರಲು ಕಲಿಸಿದ್ದು ನಿಮ್ಮ ಪಾಠದ ಚಾಪೆ.

ಮುಂದಿನ ಕಛೇರಿ ನಾಲ್ಕೂವರೆ ಶ್ರುತಿಯಲ್ಲಿ ಹಾಡಿ. ಮೇಲಿನ ಗಾಂಧಾರ ನಿಮ್ಮದೇ ಆಗಿರಲಿ. ನಾನು ಹಿಂದೆ ಕೂತು ತಂಬೂರಿ ಮೀಟುತ್ತೇನೆ, ಸಂತೋಷವಾಗಿ. ಐದೂವರೆಯೇ ಎಂದು ಹಠ ಹಿಡಿದರೆ ನನ್ನ ಜಾಗ ಖಾಲಿ.

ತಗ್ಗು ಶ್ರುತಿಯ ಮೃದಂಗ ತರಲು ಮೃದಂಗದ ಮಾಮನಿಗೆ ಹೇಳಿದ್ದೇನೆ. ಅವರು ಆಶ್ಚರ್ಯವನ್ನೇ ಪಡಲಿಲ್ಲ. "ಅದಕ್ಕೆ ಹೊಸ ಚರ್ಮ ಹಾಕಿಸಿ ಆರು ತಿಂಗಳಾಯ್ತು ಕಣಮ್ಮ, ನಿಮ್ಮತ್ತೆ ಯಾವಾಗ ಕೇಳ್ತಾರೋ ಅಂತ ಕಾಯ್ತಿದ್ದೆ" ಅಂದರು.

ಭಾನುವಾರ ಬೆಳಿಗ್ಗೆ, ಪಾಠದ ಕೋಣೆಯಲ್ಲಿ.

ಹಠವನ್ನೂ ನಿಮ್ಮಿಂದಲೇ ಕಲಿತ,
ನಿಮ್ಮ ಅಣ್ಣನ ಮಗಳು

ತಾ.ಕ.: ಕಛೇರಿ ನಡೆಸುವ ಸಂಗೀತ ಸಭೆಯ ಕಾರ್ಯದರ್ಶಿ ನಿನ್ನೆ ನಮ್ಮ ಮನೆಗೆ ಬಂದಿದ್ದರು. ಮುಂದಿನ ಕಛೇರಿಯಲ್ಲಿ ನಿಮ್ಮ ಬದಲು ನಾನು ಹಾಡಬೇಕಂತೆ. "ನಿಮ್ಮತ್ತೆ ಇನ್ನು ವಿಶ್ರಾಂತಿ ತಗೊಳ್ಳಲಿ" ಎಂದರು. ಗಂಟಲು ಕೆಟ್ಟಿದೆ ಅಂದುಬಿಟ್ಟೆ. ಹೌದು, ನಿಮ್ಮ ಸುಳ್ಳನ್ನೇ ಹೇಳಿದೆ. ಉತ್ತರ ಕೇಳಲು ಅವರು ಭಾನುವಾರ ಎಂಟಕ್ಕೆ ಪಾಠದ ಕೋಣೆಗೆ ಬರುತ್ತಾರೆ. ಮೆಟ್ಟಿಲು ಹತ್ತುವಾಗಲೇ ಅವರಿಗೆ ನಿಮ್ಮ ಗಾಂಧಾರ ಕೇಳಿಸಬೇಕು. ಅಷ್ಟರಲ್ಲಿ ದನಿ ಹದಕ್ಕೆ ಬಂದಿರಬೇಕಲ್ಲ? ಭಾನುವಾರ ಬೆಳಿಗ್ಗೆ ಆರೂವರೆ ಗಂಟೆ ಅಂದರೆ ಆರೂವರೆ.