ಪೂಜೆಗಿಡದ ಸ್ಪ್ಯಾನರ್

ದೊಡ್ಡಬಳ್ಳಾಪುರ
೧೪-೯-೨೦೨೫, ಭಾನುವಾರ

ಚಿರಂಜೀವಿ ಮೋನಿಷಾಳಿಗೆ ನಿನ್ನ ಅಪ್ಪನ ಆಶೀರ್ವಾದ.

ನಾನೂ ನಿನ್ನ ಅಮ್ಮನೂ ಇಲ್ಲಿ ಕ್ಷೇಮ. ನಿನ್ನ ಚೀಟಿ ಗೌರಿ ಹಬ್ಬಕ್ಕೆ ಮುಂಚೆಯೇ ಅಮ್ಮನ ಬ್ಯಾಗಿನಲ್ಲಿ ಬಂದು ತಲುಪಿತು. ಉತ್ತರಕ್ಕೆ ಮೂರು ವಾರ ಕಾಯಿಸಿದ್ದೇನೆ, ತಪ್ಪು ತಿಳಿಯಬೇಡ. ಕೆಲಸ ಜಾಸ್ತಿ ಇತ್ತು ಎಂದು ಬರೆಯೋಣ ಅಂದುಕೊಂಡೆ. ಅದು ಸುಳ್ಳು. ಗ್ಯಾರೇಜಿಗೆ ಈಗ ದಿನಕ್ಕೆ ಮೂರು ಗಾಡಿ ಬಂದರೆ ಹೆಚ್ಚು. ಮಿಕ್ಕ ಹೊತ್ತು ಸ್ಟೂಲಿನ ಮೇಲೆ ಕೂತು ಬಸ್ಸು ನೋಡುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು ನಿಜ. ಆದರೆ ನಾವು ಮಾತಿಗೆ ಕೂತರೆ ಎರಡನೇ ಮಾತಿಗೆ ನನಗೆ ಸಿಟ್ಟು ಬರುತ್ತದೆ, ಮೂರನೇ ಮಾತಿಗೆ ನೀನು ಫೋನ್ ಇಡುತ್ತೀಯ. ಕಾಗದವಾದರೆ ಹರಿದು ಹಾಕುವ ಮುಂಚೆ ಒಂದು ಸಲವಾದರೂ ಓದುತ್ತೀಯ.

ತುಮಕೂರಿನ ಶೋರೂಮಿನಲ್ಲಿ ನಾಲ್ಕು ವರ್ಷ ಇನ್ನೊಬ್ಬರ ಸ್ಪ್ಯಾನರ್ ಹಿಡಿದದ್ದು ಸಾಕು ಎಂದು ನೀನು ತೀರ್ಮಾನ ಮಾಡಿದ್ದು ಒಳ್ಳೆಯದೇ. ದಾಬಸ್‌ಪೇಟೆ ಜಾಗವೂ ಚೆನ್ನಾಗಿದೆ. ಸೋಂಪುರದ ಫ್ಯಾಕ್ಟರಿಗಳಿಗೆ ಮೂರು ಶಿಫ್ಟಿಗೂ ಬೈಕಿನಲ್ಲೇ ಹೋಗುವ ಜನ. ಅವರ ಗಾಡಿ ಕೆಟ್ಟರೆ ಅವತ್ತಿನ ಹಾಜರಿ ಹೋದಂತೆ, ಹಾಗಾಗಿ ಬೇಗ ಮಾಡಿಕೊಡುವವರನ್ನು ಬಿಟ್ಟು ಬೇರೆ ಕಡೆ ಹೋಗುವುದಿಲ್ಲ. ವಿಜಯದಶಮಿಗೆ ಬಾಗಿಲು ತೆಗೆಯುತ್ತೀಯ ಎಂದು ಅಮ್ಮ ಹೇಳಿದಳು. ನನ್ನನ್ನು ಕರೆಯುವ ಮಾತು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಇನ್ನು ನಿನ್ನ ಪಟ್ಟಿ. ಮೂವತ್ತೊಂದು ಸಾಮಾನು ಬರೆದು, ಕೆಳಗೆ ‘ಮೊದಲು ಯಾವುದು ತಗೊಳ್ಳಲಿ’ ಎಂದು ಕೇಳಿದ್ದೀಯ. ‘ಅಪ್ಪಾ’ ಎಂದು ಒಂದು ಮಾತು ಮೇಲೆ ಹಾಕಿದ್ದರೆ ನಿನ್ನ ಪೆನ್ನು ಸವೆಯುತ್ತಿರಲಿಲ್ಲ. ಇರಲಿ, ಕೇಳಿದ್ದಕ್ಕೆ ಹೇಳುತ್ತೇನೆ.

ಆ ಕೆಂಪು ಪೆಟ್ಟಿಗೆಯ ನೂರೆಂಟು ಪೀಸಿನ ಸೆಟ್ಟನ್ನು ಹೊಡೆದು ಹಾಕು. ಮೊಬೈಲಿನಲ್ಲಿ ನೋಡುವುದಕ್ಕೆ ಮದುವೆ ಹೆಣ್ಣಿನ ಒಡವೆ ಪೆಟ್ಟಿಗೆ ಇದ್ದ ಹಾಗಿರುತ್ತದೆ. ಅದರಲ್ಲಿ ಎಂಬತ್ತು ಪೀಸನ್ನು ನೀನು ಸಾಯುವವರೆಗೂ ಮುಟ್ಟುವುದಿಲ್ಲ, ದಿನಾ ಮುಟ್ಟುವ ಹತ್ತನೇ ನಂಬರು ಮೂರು ತಿಂಗಳಿಗೆ ಬಾಯಿ ಬಿಡುತ್ತದೆ. ರಿಂಗ್ ಸ್ಪ್ಯಾನರ್, ಓಪನ್ ಸ್ಪ್ಯಾನರ್ ಒಳ್ಳೆ ಕಂಪನಿಯದು ಬಿಡಿಬಿಡಿಯಾಗಿ ತೆಗೆದುಕೋ. ಎಂಟು, ಹತ್ತು, ಹನ್ನೆರಡು, ಹದಿನಾಲ್ಕು, ಹದಿನೇಳು ಇದ್ದರೆ ಅಂಗಡಿ ಶುರುವಾಯಿತು ಅಂದುಕೋ. ಹತ್ತು ಮಾತ್ರ ಎರಡು ತೆಗೆದುಕೋ. ಅದು ಎಲ್ಲಿಗೆ ಹೋಗುತ್ತದೋ ಮೂವತ್ತು ವರ್ಷದಲ್ಲಿ ನನಗೆ ಗೊತ್ತಾಗಲಿಲ್ಲ. ಟಿ ಸ್ಪ್ಯಾನರ್ ಬೇಕೇ ಬೇಕು, ನೋಸ್ ಪ್ಲೇಯರ್, ಕಟಿಂಗ್ ಪ್ಲೇಯರ್ ಬೇಕು. ತುಕ್ಕು ಹಿಡಿದ ಸ್ಕ್ರೂಗೆ ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ನಿನ್ನ ಪಟ್ಟಿಯಲ್ಲಿ ಕೊನೆಗಿದೆ, ಮೇಲಕ್ಕೆ ತಾ. ಸ್ಕ್ರೂ ಸ್ಪ್ಯಾನರ್ ಬೇಡವೇ ಬೇಡ. ಎಲ್ಲ ಅಳತೆಗೂ ಹೊಂದುತ್ತೇನೆ ಎನ್ನುವುದು ಯಾವ ಅಳತೆಗೂ ಸರಿಯಾಗಿ ಕೂರುವುದಿಲ್ಲ, ನಟ್ಟಿನ ಮೂಲೆ ತಿನ್ನುತ್ತದೆ. ಮಲ್ಟಿಮೀಟರ್ ವಿಚಾರ ನನ್ನನ್ನು ಕೇಳಬೇಡ. ಈಗಿನ ಗಾಡಿಗೆ ಮೈತುಂಬ ವೈರು, ಅದು ನನಗಿಂತ ನಿನಗೆ ಚೆನ್ನಾಗಿ ಗೊತ್ತು.

ಟಾರ್ಕ್ ರೆಂಚ್ ಎಂದು ಬರೆದು ಪಕ್ಕದಲ್ಲಿ ಪ್ರಶ್ನೆ ಹಾಕಿದ್ದೀಯ. ಯಾಕೆ ಹಾಕಿದೆ ಎಂದು ನನಗೆ ಗೊತ್ತು. ನೀನು ಐಟಿಐಯಿಂದ ಬಂದು, ನಟ್ಟು ಎಷ್ಟು ಬಿಗಿಯಬೇಕೋ ಅಷ್ಟಕ್ಕೆ ಟಕ್ ಅನ್ನುವ ಸ್ಪ್ಯಾನರ್ ಇದೆ ಅಪ್ಪಾ, ತಗೊಳ್ಳೋಣ ಅಂದಾಗ, ನನ್ನ ಮೊಣಕೈಯೇ ಟಾರ್ಕ್ ರೆಂಚ್ ಎಂದು ನಾಲ್ಕು ಜನ ಗಿರಾಕಿಗಳ ಮುಂದೆ ತೋಳು ತಟ್ಟಿ ನಗಿಸಿದ್ದೆ. ಆ ಪ್ರಶ್ನೆ ಗುರುತು ಹೊಡೆದು ಹಾಕು. ಅದನ್ನೇ ಮೊದಲು ತೆಗೆದುಕೋ.

ಸಾಮಾನಿಗೆಲ್ಲ ಗುರುತು ಹಾಕು. ನನ್ನವಕ್ಕೆ ಹ್ಯಾಕ್ಸಾ ಬ್ಲೇಡಿನ ಎರಡು ಗೀರು, ನಿನ್ನವಕ್ಕೆ ಮೂರು. ನಿನಗೆ ಹತ್ತು ವರ್ಷವಿದ್ದಾಗ ಮೂರನೇ ಗೀರು ನಾನೇ ಹಾಕುತ್ತೀನಿ ಎಂದು ಹಟ ಹಿಡಿದು ಬೆರಳು ಕುಯ್ದುಕೊಂಡಿದ್ದೆ. ಆ ಮೂರು ಗೀರಿನವು ಇಲ್ಲೇ ಇವೆ. ಮುಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ, ಬಳಸಿದ್ದೇನೆ. ಈಗ ಸೀಮೆಎಣ್ಣೆಯಲ್ಲಿ ತೊಳೆದು ಗೋಣಿಯಲ್ಲಿ ಸುತ್ತಿಟ್ಟಿದ್ದೇನೆ, ಅಮ್ಮ ಈ ಕಾಗದದ ಜೊತೆ ತರುತ್ತಾಳೆ. ಅವಳ ಮಂಡಿ ನೋವು ಜಾಸ್ತಿಯಾಗಿದೆ, ಬಸ್ ಸ್ಟ್ಯಾಂಡಿಗೆ ಬಂದು ನೀನೇ ಎತ್ತಿಕೋ.

ಇನ್ನೊಂದು ಮಾತು ಪಟ್ಟಿಯಲ್ಲಿ ಇಲ್ಲದ್ದು. ಆಯುಧಪೂಜೆಗೆ ನೀನೂ ನನ್ನ ಹಾಗೆಯೇ ಎಲ್ಲ ತೊಳೆದು ಪಟದ ಮುಂದೆ ಸಾಲಾಗಿ ಜೋಡಿಸುತ್ತೀಯ, ಕುಂಕುಮ ಇಟ್ಟ ಮೇಲೆ ಮಾರನೇ ದಿನದವರೆಗೆ ಮುಟ್ಟುವುದಿಲ್ಲ. ಜೋಡಿಸು, ಬೇಡ ಅನ್ನುವುದಿಲ್ಲ. ಆದರೆ ಒಂದು ದೊಡ್ಡ ಸ್ಪ್ಯಾನರ್, ಒಂದು ಪ್ಲೇಯರ್ ಪೂಜೆಗಿಡದೆ ಹೊರಗಿಡು. ಅಮ್ಮ ಅಪಶಕುನ ಅಂದರೂ ಕೇಳಬೇಡ. ಯಾಕೆ ಎಂದು ಕಾಗದ ಮುಗಿಯುವುದರೊಳಗೆ ಬರೆಯುತ್ತೇನೆ, ಕೈ ಬಂದರೆ.

ಈಗ ಮಳಿಗೆ ವಿಷಯಕ್ಕೆ ಬರುತ್ತೇನೆ. ಮಳಿಗೆಯ ಮಾಲೀಕ ಅಪ್ಪಯ್ಯಣ್ಣ ಬೀಗದ ಕೈ ಕೊಡುವುದಕ್ಕೆ ಒಪ್ಪಿ ಆಮೇಲೆ ಮುಖ ತಿರುಗಿಸಿದನಂತೆ. ‘ನಮ್ಮ ಭಾವನ ಕಾಲು ಮುರಿಸಿದ ಹುಡುಗಿ ಇವಳೇನಾ’ ಅಂದನಂತೆ. ದಾಬಸ್‌ಪೇಟೆಯಲ್ಲಿ ಅಷ್ಟು ಮಳಿಗೆ ಇರುವಾಗ ನಿನಗೆ ಆದಿನಾರಾಯಣಪ್ಪನ ಬಾಮೈದನದೇ ಸಿಗಬೇಕಾ? ಹಣೆಬರಹಕ್ಕೆ ಹೊಣೆ ಯಾರು ಎಂದು ಬರೆಯಲು ಹೊರಟೆ. ಹೊಣೆ ಯಾರು ಎಂದು ಗೊತ್ತಿರುವವನು ಹಾಗೆ ಬರೆಯಬಾರದು, ಅದಕ್ಕೇ ನಿಲ್ಲಿಸಿದೆ.

ಆ ದಿನದ ಮಾತು ಎತ್ತಬಾರದು ಅಂತಲೇ ಇದ್ದೆ. ನಾಲ್ಕು ವರ್ಷದ ಹಿಂದೆ ಆಯುಧಪೂಜೆಯ ಬೆಳಗ್ಗೆ ಆದಿನಾರಾಯಣಪ್ಪನ ಹಳೇ ಬೈಕಿಗೆ ನೀನು ಹೊಸ ಬ್ರೇಕ್ ಶೂ ಹಾಕಿ, ಹಿಂದಿನ ಚಕ್ರ ಕೂರಿಸಿ ಕೊಟ್ಟೆ. ಆರನೇ ದಿನ ಘಾಟಿ ದೇವಸ್ಥಾನಕ್ಕೆ ಹೋಗುವ ರಸ್ತೆಯಲ್ಲಿ ಆಕ್ಸಲ್ ನಟ್ಟು ಸಡಿಲವಾಗಿ, ಚಕ್ರ ಓರೆಯಾಗಿ, ಅವನು ಬಿದ್ದ. ಮಗ್ಗದ ಮುಂದೆ ದಿನವಿಡೀ ನಿಲ್ಲುತ್ತಿದ್ದವನು ಈಗ ಕೋಲು ಹಿಡಿದು ಬಂದು, ಕುರ್ಚಿಯ ಮೇಲೆ ಕೂತು ಮಗ್ಗ ನೋಡುತ್ತಾನೆ. ನಟ್ಟು ಸಡಿಲವಾದರೂ ಬೀಳದ ಹಾಗೆ ಅದರ ತೂತಿಗೆ ಚುಚ್ಚಿ ಮಡಿಸುವ ಸ್ಪ್ಲಿಟ್ ಪಿನ್ ಇರಲೇ ಇಲ್ಲ ಎಂದು ಗಾಡಿ ಎತ್ತಿದವರು ಹೇಳಿದರು. ನಮ್ಮ ಗ್ಯಾರೇಜಿನ ಮುಂದೆ ಇಪ್ಪತ್ತು ಜನ ಸೇರಿದ್ದರು. ಪಿನ್ ಹಾಕಿದ್ದೆ, ಹೊಸದೇ ಹಾಕಿದ್ದೆ ಎಂದು ನೀನು ಎಷ್ಟು ಸಲ ಹೇಳಿದೆಯೋ. ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ ಎಂದು ಯಾರೋ ಅಂದರು, ಹೆಣ್ಣುಮಕ್ಕಳ ಕೈಗೆ ಸ್ಪ್ಯಾನರ್ ಕೊಟ್ಟವನಿಗೆ ಬುದ್ಧಿ ಬೇಡವಾ ಎಂದು ಇನ್ಯಾರೋ ಅಂದರು. ಆದಿನಾರಾಯಣಪ್ಪನ ಹೆಂಡತಿ ನನ್ನನ್ನೇ ನೇರವಾಗಿ ಕೇಳಿದಳು, ಚಕ್ರ ಹಾಕಿದ್ದು ಯಾರು ಎಂದು.

‘ಮಗಳು ಹಾಕಿದ್ದು’ ಅಂದೆ.

ನೀನು ನನ್ನ ಮುಖ ನೋಡಿದೆ. ಆಮೇಲೆ ಕೈ ಒರೆಸಿಕೊಂಡು ಒಳಗೆ ಹೋದೆ. ವಾರದೊಳಗೆ ತುಮಕೂರಿಗೆ ಹೊರಟೆ. ಅವತ್ತಿನಿಂದ ಗಿರಾಕಿಗಳು, ಕಾಂತಣ್ಣ ನೀನೇ ಕೈ ಹಾಕು ಎಂದು ಹೇಳಿ ಗಾಡಿ ಬಿಟ್ಟು ಹೋಗುತ್ತಿದ್ದರು. ನಾನು ತಲೆ ಆಡಿಸುತ್ತಿದ್ದೆ.

ನಿನ್ನ ಚೀಟಿ ತಂದಾಗ ಅಮ್ಮ ಇನ್ನೊಂದು ಸುದ್ದಿಯನ್ನೂ ತಂದಳು. ಶೋರೂಮಿನಲ್ಲಿ ನೀನು ಒಂದೊಂದು ನಟ್ಟನ್ನೂ ಮೂರು ಮೂರು ಸಲ ನೋಡುತ್ತೀಯಂತೆ, ಗಾಡಿ ಗೇಟು ದಾಟಿದ ಮೇಲೂ ಓಡಿ ಹೋಗಿ ನಿಲ್ಲಿಸುತ್ತೀಯಂತೆ, ಸೂಪರ್‌ವೈಸರ್ ಬೈಯುತ್ತಾನಂತೆ. ‘ಅಮ್ಮಾ, ಅವತ್ತು ನಾನು ಪಿನ್ ಹಾಕಿದ್ನೋ ಇಲ್ವೋ ಅಂತ ಈಗ ನಂಗೇ ಅನುಮಾನ’ ಎಂದು ಅವಳ ಹತ್ತಿರ ಹೇಳಿದೆಯಂತೆ. ಮೂರು ವಾರ ನನ್ನ ಕೈ ಕಟ್ಟಿ ಹಾಕಿದ್ದು ಆ ಮಾತು, ಕೆಲಸವಲ್ಲ.

ಕೆಲಸ ಕಲಿತ ಕೈ ನಿನ್ನದು. ಎಲ್ಲಿ ಬಾಗಿಲು ತೆಗೆದರೂ ಗಾಡಿ ಹುಡುಕಿಕೊಂಡು ಬರುತ್ತವೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕೈಗೆ ಎಣ್ಣೆ ಹತ್ತಿದೆ ಎಂದು ಮಧ್ಯಾಹ್ನದ ಊಟ ಸಂಜೆಗೆ ದೂಡಬೇಡ. ನನ್ನ ಹೊಟ್ಟೆಯುರಿ ಶುರುವಾದದ್ದೇ ಹಾಗೆ. ದೇವರು ನಿನ್ನ ಅಂಗಡಿಯ ಮುಂದೆ ಗಾಡಿ ಸಾಲು ನಿಲ್ಲಿಸಲಿ, ನಿನ್ನ ಕೈಯಿಂದ ಹೋದ ಪ್ರತಿ ಗಾಡಿ ಮನೆ ಸೇರಲಿ.

ಇತಿ ನಿನ್ನ ಅಪ್ಪ,
ಕಾಂತರಾಜು

ಮರೆತಿದ್ದು: ಮರೆತದ್ದೇನೂ ಅಲ್ಲ. ಮೇಲೆ ಬರೆಯುವುದಕ್ಕೆ ಧೈರ್ಯ ಸಾಲದೆ ಇಲ್ಲಿಗೆ ತಂದೆ.

ಪಿನ್ ನೀನು ಹಾಕಿದ್ದೆ. ಹೊಸದೇ ಹಾಕಿದ್ದೆ. ತೆಗೆದವನು ನಾನು.

ಅವತ್ತು ಮಧ್ಯಾಹ್ನ ನೀನೂ ಅಮ್ಮನೂ ಬೂದುಗುಂಬಳಕಾಯಿ, ಬಾಳೆಕಂದು ತರಲು ಹೋಗಿದ್ದಿರಿ. ನಾನು ಸಾಮಾನೆಲ್ಲ ಜೋಡಿಸಿ ಕುಂಕುಮ ಇಟ್ಟು ಮುಗಿಸಿದ್ದೆ. ಆದಿನಾರಾಯಣಪ್ಪ ವಾಪಸು ಬಂದು, ಚೈನು ಸದ್ದು ಮಾಡುತ್ತಿದೆ, ಒಂಚೂರು ಬಿಗಿ ಮಾಡು ಅಂದ. ಚೈನು ಬಿಗಿಯಬೇಕಾದರೆ ಆಕ್ಸಲ್ ನಟ್ಟು ಸಡಿಲಿಸಬೇಕು ಎಂದು ನಿನಗೆ ಹೇಳಬೇಕಾಗಿಲ್ಲ. ಪೂಜೆಗಿಟ್ಟ ಸ್ಪ್ಯಾನರ್ ಮುಟ್ಟಬಾರದಲ್ಲ, ಅವನ ಗಾಡಿಯ ಸೀಟಿನ ಕೆಳಗಿದ್ದ ಗೇಣುದ್ದದ ತಗಡು ಸ್ಪ್ಯಾನರ್, ಸ್ಕ್ರೂ ಡ್ರೈವರಿನಲ್ಲೇ ಕೆಲಸ ಮಾಡಿದೆ. ನಿನ್ನ ಪಿನ್ನನ್ನು ಸ್ಕ್ರೂ ಡ್ರೈವರಿನಲ್ಲಿ ಮೀಟಿ ತೆಗೆದಾಗ ಅದು ಡೊಂಕಾಯಿತು, ವಾಪಸು ತೂರಲಿಲ್ಲ. ಹೊಸ ಪಿನ್ನಿನ ಡಬ್ಬಿಯೂ ಪಟದ ಮುಂದಿತ್ತು, ಅದರ ಮೇಲೆ ಹೂವಿತ್ತು. ಆ ತಗಡು ಸ್ಪ್ಯಾನರಿನಲ್ಲಿ ಆದಷ್ಟು ಬಿಗಿದೆ. ಅವನು ಅತ್ತ ತಿರುಗಿ ಫೋನಿನಲ್ಲಿ ಮಾತಾಡುತ್ತಿದ್ದ. ಹಬ್ಬ ಮುಗಿದ ಮೇಲೆ ಒಂದು ಸಲ ಬಾ ಅಂದೆ, ಯಾಕೆ ಎಂದು ಹೇಳಲಿಲ್ಲ. ಅವನು ಬರಲಿಲ್ಲ, ನಾನು ಮರೆತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಬರೆ ಎಳೆದದ್ದು ಊರಿನವರಲ್ಲ, ನಾನೇ. ಮೂವತ್ತು ವರ್ಷದ ಹೆಸರು ಇಪ್ಪತ್ತು ಜನದ ಮುಂದೆ ಹೋಗುತ್ತದೆ ಎಂದು ಹೆದರಿದೆ. ನಿನ್ನ ಹೆಸರು ಇನ್ನೂ ಹೊಸದು, ಹೋದರೆ ಇನ್ನೊಂದು ಸಂಪಾದಿಸುತ್ತೀಯ ಅಂದುಕೊಂಡೆ. ಇದು ಕ್ಷಮಿಸುವಂಥದ್ದಲ್ಲ, ಕೇಳುವುದೂ ಇಲ್ಲ.

ಆ ಡೊಂಕು ಪಿನ್ ಅಂಗಿ ಜೇಬಿನಲ್ಲಿ ಉಳಿದಿತ್ತು. ನಾಲ್ಕು ವರ್ಷ ಅಂಗಡಿಯ ಪಟದ ಹಿಂದೆ ಇಟ್ಟಿದ್ದೆ. ಕವರಿನೊಳಗೆ ಹಾಕಿದ್ದೇನೆ. ನಿನಗೆ ಅನುಮಾನ ಬಂದಾಗ ನೋಡಿಕೋ.

ಶುಕ್ರವಾರ ನಿನ್ನ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಬಡಿಸುತ್ತಿದ್ದ ಪಾತ್ರೆ ಕೆಳಗಿಟ್ಟು, ‘ನಾಲ್ಕು ವರ್ಷದಿಂದ ನನ್ನ ಮಗಳು ಹಬ್ಬಕ್ಕೆ ಬಂದಿಲ್ಲ’ ಅಂದಳು. ಅಷ್ಟೇ.

ನಿನ್ನೆ ಆದಿನಾರಾಯಣಪ್ಪನ ಮನೆಗೂ ಹೋಗಿದ್ದೆ. ನಿಂತುಕೊಂಡೇ ಎಲ್ಲ ಹೇಳಿದೆ, ಪಿನ್ನನ್ನೂ ತೋರಿಸಿದೆ. ಅವನು ನಂಬಲಿಲ್ಲ. ‘ಚೈನ್ ಮುಟ್ಟಿದ್ದು ನೀನು, ಚಕ್ರ ಹಾಕಿದ್ದು ಆ ಹುಡುಗಿ. ನಂಗೆ ಅಷ್ಟೂ ಗೊತ್ತಾಗಲ್ವಾ? ಮಗಳಿಗೆ ಅಂಗಡಿ ಸಿಗ್ಲಿ ಅಂತ ತಪ್ಪು ಮೈಮೇಲೆ ಹಾಕ್ಕೊಂಡು ಬಂದಿದ್ದೀಯ. ಅಪ್ಪ ಅಂದ್ರೆ ಹಿಂಗಿರ್ಬೇಕು ಕಾಂತಣ್ಣ’ ಅಂದ. ಎಷ್ಟು ಸಲ ಹೇಳಿದರೂ ಅದೇ ಮಾತು. ಆಮೇಲೆ ನನ್ನೆದುರಿಗೇ ಬಾಮೈದನಿಗೆ ಫೋನ್ ಮಾಡಿದ. ಮಳಿಗೆ ಕೊಡುತ್ತಾರಂತೆ, ಬೋರ್ಡಿನ ಮೇಲೆ ನನ್ನ ಹೆಸರು ಇರಬೇಕಂತೆ, ನನ್ನ ಹೆಸರಿದ್ದರೆ ಜನಕ್ಕೆ ಭರವಸೆ ಬರುತ್ತದಂತೆ.

ಒಪ್ಪಿಕೋ ಅನ್ನುವುದಕ್ಕೂ ಬೇಡ ಅನ್ನುವುದಕ್ಕೂ ನನಗೆ ಬಾಯಿಲ್ಲ. ನಡೆದದ್ದನ್ನು ಬರೆದಿದ್ದೇನೆ. ಫೋನ್ ಇಟ್ಟ ಮೇಲೆ ಅವನು ಕೋಲು ಊರಿಕೊಂಡು ತಾನೇ ಒಳಗೆ ಹೋಗಿ ನನಗೆ ಕಾಫಿ ತಂದುಕೊಟ್ಟ. ನಾನು ಬೇಡ ಅನ್ನಲಿಲ್ಲ ಮೋನಿಷಾ, ಕುಡಿದೆ.